ಬಂಡಿಯ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತು ಕಿವಿಗೆ ಬಿದ್ದೊಡನೆ ದೇಗುಲ, ಮಠ, ಕೆರೆ, ಕಲ್ಯಾಣಿಗಳು ಮನಸ್ಸಿಗೆ ಬರುವುದು ಸಹಜ. ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತಜೀರ್ಣೋದ್ಧಾರ’ವೆಂಬ ಸಮಾಸ ಅಪರಿಚಿತವಲ್ಲ. ಒಡೆದುದು ಖಂಡ, ಬಿರಿದುದು ಸ್ಫುಟಿತ, ಕಾಲದ ಬಾಯಿಗೆ ಸಿಕ್ಕಿ ಸವೆದುದು ಜೀರ್ಣ. ಅಂದಿನ ದಾನಿ ಗುಡಿಯನ್ನು ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ. ಇಂದು ನಿಂತ ಗೋಡೆ ಮುಂದೊಂದು ದಿನ ಬಿರಿಯುವುದು ನಿಶ್ಚಯವೆಂದು ಬಲ್ಲವನಾಗಿ, ಬಿರುಕು ಕಾಣಿಸಿಕೊಳ್ಳುವುದಕ್ಕೆ ಮುಂಚೆಯೇ ಅದರ ದುರಸ್ತಿಗೆಂದು ಭೂಮಿಯನ್ನು ಬಿಟ್ಟುಕೊಟ್ಟನು. ಕಟ್ಟುವವರ ಹೆಸರು ಉಳಿಯುವಷ್ಟು ಸುಲಭವಾಗಿ ದುರಸ್ತಿ ಮಾಡಿದವರ ಹೆಸರು ಉಳಿಯುವುದಿಲ್ಲವೆಂಬುದು ಬೇರೆಯ ಮಾತು.

ಜೀರ್ಣವೆಂಬ ಶಬ್ದಕ್ಕೆ ಮುಪ್ಪಾದುದು ಎಂಬ ಅರ್ಥವಿರುವಂತೆಯೇ ಅರಗಿದುದು ಎಂಬ ಅರ್ಥವೂ ಉಂಟು. ಉಂಡ ಅನ್ನವನ್ನು ಜಠರ ಅರಗಿಸುವಂತೆ ಕಬ್ಬಿಣವನ್ನು ತುಕ್ಕು ಅರಗಿಸುತ್ತದೆ. ಈ ಎರಡನೆಯ ಅರ್ಥವನ್ನು ಕಣ್ಣಾರೆ ಕಾಣಬೇಕೆನ್ನುವವರು ಬೆಂಗಳೂರಿನ ಪಶ್ಚಿಮಕ್ಕೆ, ಮೈಸೂರು ರಸ್ತೆಯ ಕಮಾನನ್ನು ದಾಟಿ, ರಾಜರಾಜೇಶ್ವರಿನಗರದ ಏರಿನಲ್ಲಿರುವ ಮನೆಯೊಂದರ ಹಿತ್ತಲಿಗೆ ಹೋಗಬೇಕಾಗಿದ್ದಿತು. 1960ರಲ್ಲಿ ಕೈಲಾಸಾಶ್ರಮ ನೆಲೆಗೊಂಡು, ಜ್ಞಾನಾಕ್ಷಿ ರಾಜರಾಜೇಶ್ವರಿಯ ಆಲಯ ತಲೆಯೆತ್ತಿ, ಬಡಾವಣೆಗೆ ಆ ತಾಯಿಯ ಹೆಸರೇ ನಿಂತ ಪ್ರದೇಶವದು. ಅಲ್ಲಿನ ಗೃಹಸ್ಥರೊಬ್ಬರು ಸರ್ಕಾರಿ ಸ್ವಾಮ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದವರು. ನಿವೃತ್ತಿಯ ಹಣದಲ್ಲಿ ಕೆಲವರು ತೀರ್ಥಯಾತ್ರೆ ಮಾಡುವರು, ಕೆಲವರು ಮೇಲಂತಸ್ತು ಕಟ್ಟಿಸಿ ಬಾಡಿಗೆಗೆ ಕೊಡುವರು. ಇವರು 2017ರ ಬೇಸಿಗೆಯಲ್ಲಿ ಚಿಕ್ಕಮಗಳೂರಿನ ಕಡೆಯ ಕಾಫಿ ತೋಟವೊಂದರಿಂದ ಲಾರಿಯ ಮೇಲೆ ಹೇರಿಸಿ ತಂದುದು 1953ರ ಒಂದು ವಿಲ್ಲೀಸ್ ಸ್ಟೇಷನ್ ವ್ಯಾಗನ್ ಬಂಡಿಯನ್ನು. ಅದು ಅವರ ತಂದೆಯ ಬಂಡಿ. ಇಳಿಸುವಾಗ ಹಿಂಬಾಗಿಲಿನ ಕೆಳಭಾಗ ಹಪ್ಪಳದಂತೆ ಮುರಿದು ನೆಲಕ್ಕೆ ಉದುರಿತು. ನೆರೆಹೊರೆಯವರು ಗುಜರಿಯ ವ್ಯಾಪಾರ ಆರಂಭವಾಯಿತೆಂದೇ ಭಾವಿಸಿದರು.

ಸ್ಟೇಷನ್ ವ್ಯಾಗನ್ ಎಂಬ ಹೆಸರಿಗೆ ಕನ್ನಡದಲ್ಲಿ ಸರಿಯಾದ ಪರ್ಯಾಯವೊಂದು ಹುಟ್ಟಲಿಲ್ಲ. ವ್ಯಾಗನ್ನು ಎಂದರೆ ಕನ್ನಡಿಗರಿಗೆ ಗೂಡ್ಸು ರೈಲಿನ ಡಬ್ಬಿ ನೆನಪಾಗುತ್ತದೆ. ರೈಲಿನ ನೆನಪು ಅಷ್ಟೇನೂ ಅಸಂಗತವಲ್ಲ. ಅಮೆರಿಕದಲ್ಲಿ ರೈಲು ನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕರನ್ನೂ ಅವರ ಗಂಟುಮೂಟೆಗಳನ್ನೂ ಒಟ್ಟಿಗೆ ಹೊತ್ತೊಯ್ಯಲು ಇದ್ದ ಉದ್ದನೆಯ ಗಾಡಿಯೇ ನಿಲ್ದಾಣದ ಗಾಡಿ, ಅರ್ಥಾತ್ ಸ್ಟೇಷನ್ ವ್ಯಾಗನ್. ಇಂಗ್ಲೆಂಡಿನಲ್ಲಿ ಇದಕ್ಕೇ ಎಸ್ಟೇಟ್ ಕಾರು ಎಂದು ಹೆಸರು. ಜಮೀನುದಾರರ ಎಸ್ಟೇಟಿನ ಕೆಲಸಕ್ಕೆ ಒದಗುವುದರಿಂದ. ಮಲೆನಾಡಿನ ಕಾಫಿ ತೋಟವನ್ನೂ ಜನ ಎಸ್ಟೇಟು ಎಂದೇ ಕರೆಯುವುದರಿಂದ ಆ ಹೆಸರು ಅಲ್ಲಿ ಇನ್ನಷ್ಟು ಒಪ್ಪುತ್ತಿತ್ತು. ಆದರೆ ತೋಟದ ಆಳುಮಕ್ಕಳು ಯಾವ ನಿಘಂಟಿನ ಗೊಡವೆಗೂ ಹೋಗದೆ ಅದನ್ನು ಜೀಪು ಎಂದೇ ಕರೆದರು. ವಂಶಾವಳಿಯನ್ನು ನೋಡಿದರೆ ಅವರ ಮಾತೇ ಹೆಚ್ಚು ಸರಿ.

ಮರದ ಕಾಲವೊಂದಿತ್ತು. ಮೊದಮೊದಲಿನ ಸ್ಟೇಷನ್ ವ್ಯಾಗನ್ನುಗಳ ಹಿಂಭಾಗವೆಲ್ಲ ಮರದ್ದು. ಫೋರ್ಡ್ ಸಂಸ್ಥೆ 1929ರಲ್ಲಿ ತನ್ನ ಮಾಡೆಲ್ ಎ ಕಾರಿಗೆ ಇಂಥ ಒಡಲನ್ನು ತೊಡಿಸಿ ಮಾರಿದಾಗ, ಆ ಮರವನ್ನು ಮಿಷಿಗನ್ ಪ್ರಾಂತದ ತನ್ನ ಸ್ವಂತ ಕಾಡಿನಿಂದಲೇ ಕಡಿಸಿ ತಂದಿತು. ನೋಡಲು ಚೆಲುವು, ಆದರೆ ಮಳೆಗೆ ಊದುವುದು, ಬಿಸಿಲಿಗೆ ಬಿರಿಯುವುದು, ವರ್ಷಕ್ಕೊಮ್ಮೆ ವಾರ್ನಿಷ್ ಬೇಡುವುದು. ಎರಡನೆಯ ಮಹಾಯುದ್ಧ ಮುಗಿದು ಸೈನ್ಯದ ಜೀಪುಗಳಿಗೆ ಬೇಡಿಕೆ ಕುಗ್ಗಿದಾಗ, ಅಮೆರಿಕದ ಟೊಲೀಡೊ ನಗರದ ವಿಲ್ಲೀಸ್ ಓವರ್‌ಲ್ಯಾಂಡ್ ಸಂಸ್ಥೆ ಅದೇ ಜೀಪಿನ ವಂಶದಿಂದ ಗೃಹಸ್ಥಾಶ್ರಮಕ್ಕೆ ತಕ್ಕ ಬಂಡಿಯೊಂದನ್ನು ಮಾಡಲು ಯೋಚಿಸಿತು. ಬ್ರೂಕ್ಸ್ ಸ್ಟೀವನ್ಸ್ ಎಂಬ ವಿನ್ಯಾಸಕಾರರು ರೂಪ ಕೊಟ್ಟ ಆ ಬಂಡಿ 1946ರಲ್ಲಿ ಹೊರಬಂದಿತು. ದೊಡ್ಡ ಪ್ರಮಾಣದಲ್ಲಿ ತಯಾರಾದ, ಪೂರ್ತಿ ಉಕ್ಕಿನ ಒಡಲಿನ ಸ್ಟೇಷನ್ ವ್ಯಾಗನ್ನುಗಳಲ್ಲಿ ಮೊದಲಿನದೆಂದು ಅದಕ್ಕೆ ಪ್ರಸಿದ್ಧಿ. ಮನೆಬಳಕೆಯ ಉಪಕರಣಗಳನ್ನು ಮಾಡುತ್ತಿದ್ದ ತಗಡಿನ ಕಾರ್ಖಾನೆಯೂ ಒತ್ತಬಲ್ಲಂತೆ ಅದರ ತಗಡುಗಳು ಹೆಚ್ಚು ಬಾಗುಬಳುಕುಗಳಿಲ್ಲದೆ ಚಪ್ಪಟೆಯಾಗಿದ್ದವು. ವಿನೋದವೆಂದರೆ, ಮರವನ್ನು ಬಿಟ್ಟು ಉಕ್ಕನ್ನು ಹಿಡಿದವರೇ ಆ ಉಕ್ಕಿನ ಮೇಲೆ ಮರದ ಚೌಕಟ್ಟಿನಂತೆ ತೋರುವ ಬಣ್ಣವನ್ನು ಬಳಿದರು! ಜನರ ಕಣ್ಣಿಗೆ ಹಳೆಯದರ ಮೋಹ ಅಷ್ಟು ಬೇಗ ಬಿಡುವುದಿಲ್ಲ.

ಭಾರತದಲ್ಲಿ 1945ರಲ್ಲಿ ಸ್ಥಾಪಿತವಾಗಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ತೊಡಗಿತು. ಆ ಮೂಲದ ಎಂಜಿನು ಈ ದೇಶದ ಜೀಪುಗಳಲ್ಲಿ ದಶಕಗಳ ಕಾಲ ಬಾಳಿತು. ಈ ಒಂದು ಸಂಗತಿ ಇಲ್ಲದಿದ್ದಲ್ಲಿ ರಾಜರಾಜೇಶ್ವರಿನಗರದ ಗೃಹಸ್ಥರ ಪ್ರಯತ್ನ ಆರಂಭದಲ್ಲಿಯೇ ಮುಗ್ಗರಿಸುತ್ತಿತ್ತು. ಇನ್ನುಳಿದಂತೆ ಸ್ಟೇಷನ್ ವ್ಯಾಗನ್ ಜಾತಿಗೆ ಭಾರತದ ಪೇಟೆ ಎಂದೂ ಒಲಿಯಲಿಲ್ಲ. ಟಾಟಾ ಸಂಸ್ಥೆ 1992ರಲ್ಲಿ ಎಸ್ಟೇಟ್ ಎಂಬ ಹೆಸರಿನ ಡೀಸೆಲ್ ಬಂಡಿಯನ್ನು ತಂದಿತು. ಬೆಂಗಳೂರಿನದೇ ಆದ ಸಿಪಾನಿ ಸಂಸ್ಥೆ 1990ರ ದಶಕದಲ್ಲಿ ಬ್ರಿಟನ್ನಿನ ಮಾಂಟೆಗೊ ಕಾರನ್ನು, ಅದರ ಎಸ್ಟೇಟ್ ರೂಪವನ್ನೂ ಸೇರಿಸಿ, ಇಲ್ಲಿ ಜೋಡಿಸಿ ಮಾರಿತು. ಎರಡೂ ಹೆಚ್ಚು ಕಾಲ ನಡೆಯಲಿಲ್ಲ. ಕಾರಿಗೆ ಡಿಕ್ಕಿ ಪ್ರತ್ಯೇಕವಾಗಿ ಹೊರಚಾಚಿ ಕಾಣದಿದ್ದರೆ ಅದು ಸರಕಿನ ಗಾಡಿ ಅಥವಾ ಆಂಬುಲೆನ್ಸು ಎಂಬ ಭಾವನೆ ಜನರಲ್ಲಿ ಬೇರೂರಿದ್ದಿತು. ಅಕ್ಕಿಮೂಟೆ, ಅಜ್ಜಿ, ಮೊಮ್ಮಕ್ಕಳು, ಬಾಳೆಗೊನೆ ಎಲ್ಲವೂ ಒಂದೇ ಸೂರಿನಡಿ ಕುಳಿತು ಹೋಗುವ ಅವಿಭಕ್ತ ಕುಟುಂಬದ ನಾಡಿನಲ್ಲಿ ಅವಿಭಕ್ತ ಬಂಡಿಯೊಂದಕ್ಕೆ ಮನ್ನಣೆ ದೊರೆಯದೆ ಹೋದುದು ಸೋಜಿಗವೇ ಸರಿ.

ಗೃಹಸ್ಥರ ತಂದೆ ಆ ಬಂಡಿಯನ್ನು 1962ರಲ್ಲಿ ತೋಟದ ಹಿಂದಿನ ಯಜಮಾನರಿಂದ ಕೊಂಡರು. ನಾಲ್ಕೂ ಚಕ್ರಗಳಿಗೆ ಎಳೆತವಿದ್ದ ಬಂಡಿಯಾದುದರಿಂದ ಆಷಾಢದ ಕೆಸರಿನಲ್ಲಿಯೂ ಗುಡ್ಡ ಹತ್ತುತ್ತಿತ್ತು. ಮೂಟೆ ಹೊತ್ತಿತು, ಮದುವೆಯ ದಿಬ್ಬಣ ಹೊತ್ತಿತು, ರೋಗಿಗಳನ್ನು ಹೊತ್ತಿತು. ತೋಟದ ಆಳಿನ ಹೆಂಡತಿಯೊಬ್ಬಳು ಆಸ್ಪತ್ರೆ ತಲುಪುವ ಮೊದಲೇ ಅದರೊಳಗೆ ಹೆತ್ತಳೆಂದು ಮನೆಮಂದಿ ಹೇಳುತ್ತಾರೆ. ತಂದೆ ಆ ಬಂಡಿಗೆ ಮೂರು ಬದಲಾವಣೆ ಮಾಡಿಸಿದ್ದರು. ಮೊದಲನೆಯದು, ಹಿಂಭಾಗದಲ್ಲಿ ಎದುರುಬದುರಾಗಿ ಎರಡು ಹಲಸಿನ ಮರದ ಬೆಂಚು ಮತ್ತು ಹತ್ತಲೊಂದು ಕಬ್ಬಿಣದ ಮೆಟ್ಟಿಲು; ತೋಟದ ಲೈನು ಮನೆಗಳ ಮಕ್ಕಳೂ ಸ್ವಂತ ಮಕ್ಕಳೂ ಒಟ್ಟಿಗೆ ಕುಳಿತು ಶಾಲೆಗೆ ಹೋಗಲೆಂದು. ಎರಡನೆಯದು, ಸಾಮಾನು ಕಟ್ಟಲು ಮಾಡಿನ ಮೇಲೆ ಬೆಸುಗೆ ಹಾಕಿಸಿದ ಕ್ಯಾರಿಯರು. ಮೂರನೆಯದು, ಪೆಟ್ರೋಲಿನ ಬೆಲೆ ಏರಿದ ಕಾಲಕ್ಕೆ, 1980ರಲ್ಲಿ, ಮೂಲದ ಎಂಜಿನನ್ನು ಕಿತ್ತು ಹಾಕಿಸಿದ ಡೀಸೆಲ್ ಎಂಜಿನು. ಆ ಕಾಲದಲ್ಲಿ ಅನೇಕ ಜೀಪುಗಳ, ಕಾರುಗಳ ಹಣೆಬರಹ ಹೀಗೆಯೇ ತಿದ್ದಲ್ಪಟ್ಟಿತು. ತಂದೆ 1991ರಲ್ಲಿ ತೀರಿಕೊಂಡರು. ಬಂಡಿ 1996ರಲ್ಲಿ ಕಾಫಿ ಒಣಗಿಸುವ ಕಣದ ಪಕ್ಕದ ಶೆಡ್ಡು ಸೇರಿತು.

ಮನೆಯ ಹಿತ್ತಲಿನಲ್ಲಿ ತಗಡಿನ ಮಾಡು ಹಾಕಿಸಿ ಬಂಡಿಯನ್ನು ಬಿಚ್ಚುವ ಕೆಲಸಕ್ಕೇ ಹದಿನಾಲ್ಕು ತಿಂಗಳು ಹಿಡಿಯಿತು. ಕಟ್ಟುವುದಕ್ಕಿಂತ ಬಿಚ್ಚುವುದು ಕಷ್ಟವೆಂಬುದು ಈ ಕೆಲಸದಲ್ಲಿ ಮೊದಲು ತಿಳಿದುಬರುವ ಸತ್ಯ. ಇಪ್ಪತ್ತು ವರ್ಷ ಮಳೆಗಾಳಿ ಕುಡಿದ ಬೋಲ್ಟು ಸ್ಪ್ಯಾನರಿಗೆ ಬಗ್ಗುವುದಿಲ್ಲ; ಬಲವಂತ ಮಾಡಿದರೆ ತಲೆ ಮುರಿದುಕೊಳ್ಳುತ್ತದೆ. ಸೀಮೆಎಣ್ಣೆಯನ್ನೂ ಡೀಸೆಲನ್ನೂ ಬೆರೆಸಿ ಬಟ್ಟೆಯಲ್ಲಿ ಅದ್ದಿ ಸುತ್ತಿ, ಮೂರು ದಿನ ಬಿಟ್ಟು, ಒಂದಿಷ್ಟು ಮುಂದಕ್ಕೆ, ಒಂದಿಷ್ಟು ಹಿಂದಕ್ಕೆ ಆಡಿಸಿ ಒಲಿಸಿಕೊಳ್ಳಬೇಕು. ಬಿಚ್ಚಿದ ಪ್ರತಿಯೊಂದು ನಟ್ಟನ್ನೂ ಉಪ್ಪಿನಕಾಯಿಯ ಖಾಲಿ ಭರಣಿಗಳಲ್ಲಿ ಹಾಕಿ, ಎಲ್ಲಿಯದು ಎಷ್ಟನೆಯದು ಎಂದು ಚೀಟಿ ಅಂಟಿಸಿ, ಅದೇ ವಿವರವನ್ನು ಒಂದು ನೋಟುಪುಸ್ತಕದಲ್ಲಿಯೂ ಬರೆದಿಟ್ಟರು. ಗೃಹಿಣಿಯವರ ಅಡುಗೆಮನೆಯ ಭರಣಿಗಳು ಒಂದೊಂದಾಗಿ ಕಣ್ಮರೆಯಾದುದು ಆ ಮನೆಯ ಇತಿಹಾಸದಲ್ಲಿ ಬೇರೆಯೇ ಒಂದು ಅಧ್ಯಾಯ. ಸುತ್ತಿಗೆಯ ಸದ್ದಿಗೆ ನೆರೆಮನೆಯವರು ಬೇಸರಿಸಿಕೊಂಡಾಗ, ಬೆಳಿಗ್ಗೆ ಹತ್ತಕ್ಕೆ ಮೊದಲು ಮತ್ತು ಸಂಜೆ ಐದರ ನಂತರ ಸುತ್ತಿಗೆ ಎತ್ತುವುದಿಲ್ಲವೆಂದು ಮಾತುಕೊಟ್ಟು, ಹಾಗೆಯೇ ನಡೆದುಕೊಂಡರು.

ಒಡಲನ್ನು ಚಾಸಿಯಿಂದ ಬೇರ್ಪಡಿಸಿ ಎತ್ತಿದಾಗ ಎರಡು ಬಗೆಯ ಜೀರ್ಣತೆ ಕಂಡುಬಂದಿತು. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಮಡ್ಗಾರ್ಡುಗಳ ತುದಿ ಇವನ್ನು ಮಲೆನಾಡಿನ ಮಳೆ ತಿಂದಿತ್ತು. ಅದು ನಿರೀಕ್ಷಿತವೇ. ನಿರೀಕ್ಷಿಸದೆ ಇದ್ದುದು ಚಾಸಿಯ ಬಿರುಕು; ಎಂಜಿನು ಕೂರುವ ಜಾಗದ ಬಳಿ ಎರಡೂ ಕಡೆ ಕೂದಲೆಳೆಯಂತೆ ಆರಂಭವಾಗಿ ಬೆರಳುದ್ದ ಬೆಳೆದಿದ್ದ ಬಿರುಕು. ಅದಕ್ಕೆ ಕಾರಣ ತುಕ್ಕಲ್ಲ. ಪೆಟ್ರೋಲ್ ಎಂಜಿನು ಗಾಳಿ ಮತ್ತು ಇಂಧನದ ಮಿಶ್ರಣವನ್ನು ಸುಮಾರು ಏಳರಲ್ಲೊಂದು ಪಾಲಿಗೆ ಒತ್ತಿ ಕಿಡಿಯಿಂದ ಹೊತ್ತಿಸುತ್ತದೆ. ಡೀಸೆಲ್ ಎಂಜಿನಿಗೆ ಕಿಡಿಯಿಲ್ಲ. ಗಾಳಿಯನ್ನು ಹೆಚ್ಚುಕಡಿಮೆ ಇಪ್ಪತ್ತರಲ್ಲೊಂದು ಪಾಲಿಗೆ ಒತ್ತಿ, ಆ ಒತ್ತಡದ ಕಾವಿನಿಂದಲೇ ಇಂಧನವನ್ನು ಹೊತ್ತಿಸುತ್ತದೆ. ಆದ್ದರಿಂದ ಅದರ ಗುದ್ದು ಹೆಚ್ಚು, ನಡುಕ ಹೆಚ್ಚು, ತೂಕವೂ ಹೆಚ್ಚು. ಹದಿನಾರು ವರ್ಷ ಆ ನಡುಕವನ್ನು ಸಹಿಸಿಕೊಂಡ ಚಾಸಿ ಕೊನೆಗೆ ಬಿರಿದಿತ್ತು. ಖಂಡ, ಸ್ಫುಟಿತ, ಜೀರ್ಣ ಮೂರೂ ಒಂದೇ ಬಂಡಿಯಲ್ಲಿ ದೊರೆತಂತಾಯಿತು.

ತಗಡಿನ ಕೆಲಸಕ್ಕೆ ಗೋರಿಪಾಳ್ಯದಿಂದ ಟಿಂಕರಿಂಗ್ ಮೇಸ್ತ್ರಿಯೊಬ್ಬರು ಭಾನುವಾರಗಳಂದು ಬರುತ್ತಿದ್ದರು. ವಯಸ್ಸು ಅರವತ್ತನ್ನು ಮೀರಿದವರು; ಕೈಯಲ್ಲಿ ಡಾಲಿ, ಸುತ್ತಿಗೆ ಹಿಡಿದರೆ ತಗಡು ಅವರ ಮಾತು ಕೇಳುತ್ತಿತ್ತು. ಈ ಕಾಲದಲ್ಲಿ ಗುಳಿಬಿದ್ದ ಜಾಗಕ್ಕೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು ಕಳುಹಿಸುವುದೇ ವಾಡಿಕೆಯಾಗಿದೆ. ಮೇಸ್ತ್ರಿಗೆ ಅದು ಒಪ್ಪದು. “ಪುಟ್ಟಿ ಹಾಕಿದ್ರೆ ಫೋಟೋಗೆ ಚೆನ್ನಾಗಿರುತ್ತೆ ಯಜಮಾನ್ರೆ. ಒಳಗೆ ನೀರು ಕೂತ್ಕೊಂಡು ಮತ್ತೆ ತಿನ್ನುತ್ತೆ. ಕೊಳೆತಿದ್ದನ್ನ ಕತ್ತರಿಸಿ ಹೊಸ ತಗಡು ಕೊಡ್ಬೇಕು, ಗಟ್ಟಿ ಇರೋದನ್ನ ಮುಟ್ಟಬಾರ್ದು” ಎಂದು ಅವರು ಮೊದಲ ದಿನವೇ ಹೇಳಿದರು. ಎಷ್ಟು ಕತ್ತರಿಸಬೇಕೆಂಬುದನ್ನು ತಿಳಿಯಲು ಸಣ್ಣ ಸುತ್ತಿಗೆಯಿಂದ ಇಂಚಿಂಚಾಗಿ ಬಡಿದು ಸದ್ದು ಕೇಳುತ್ತಿದ್ದರು. ಗಟ್ಟಿ ತಗಡು ಟಣ್ ಎನ್ನುವುದು, ತುಕ್ಕು ತಿಂದುದು ಮಂಕಾಗಿ ಗೊಣಗುವುದು. ವೈದ್ಯರು ನಾಡಿ ಹಿಡಿದು ನೋಡುವುದಕ್ಕಿಂತ ಈ ವಿದ್ಯೆ ಕೀಳಾದುದೆಂದು ಯಾರು ತಾನೆ ಹೇಳಬಲ್ಲರು? ಮೇಸ್ತ್ರಿಯ ಇಬ್ಬರು ಮಕ್ಕಳಲ್ಲಿ ಯಾರೂ ಈ ಕಸುಬನ್ನು ಹಿಡಿಯಲಿಲ್ಲವೆಂಬುದನ್ನು ಮಾತ್ರ ಇಲ್ಲಿ ಹೇಳದೆ ಇರಲಾಗದು.

ಬಿಡಿಭಾಗಗಳ ಬೇಟೆ ವಿಚಿತ್ರವಾದುದು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬ್ರೇಕಿನ ಸಿಲಿಂಡರು, ಕ್ಲಚ್ ಪ್ಲೇಟು, ವಾಲ್ವು, ಗ್ಯಾಸ್ಕೆಟ್ಟುಗಳು ಹಳೆಯ ಜೀಪಿನವೆಂದು ಕೇಳಿದರೆ ಇಂದಿಗೂ ಹೊರಬರುತ್ತವೆ. ಜೀಪಿನ ಸಂತತಿ ಈ ನಾಡಿನಲ್ಲಿ ಅಷ್ಟು ದೊಡ್ಡದು. ಶಿವಾಜಿನಗರದ ಗುಜರಿಯಲ್ಲಿ ಒಂದು ಸ್ಟೀರಿಂಗ್ ಚಕ್ರವೂ ದೊರೆಯಿತು. ಆದರೆ ವ್ಯಾಗನ್ನಿಗೇ ವಿಶಿಷ್ಟವಾದುದು, ಎಂದರೆ ಹಿಂಬದಿಯ ಜಾರುಗಾಜಿನ ಕಾಲುವೆ, ಮೇಲಕ್ಕೆ ಅರ್ಧ ಕೆಳಕ್ಕೆ ಅರ್ಧ ತೆರೆಯುವ ಹಿಂಬಾಗಿಲಿನ ಕೀಲುಗಳು, ಯಾವ ಅಂಗಡಿಯಲ್ಲಿಯೂ ಇಲ್ಲ. ಅವನ್ನು ಒಂದೋ ಲೇತಿನಲ್ಲಿ ಮಾಡಿಸಬೇಕು, ಇಲ್ಲವೇ ಹೊರದೇಶದಿಂದ ತರಿಸಬೇಕು. ಫಿಟ್ಟರಾಗಿದ್ದ ಗೃಹಸ್ಥರು ಕೀಲುಗಳನ್ನು ಅರ ಹಿಡಿದು ತಾವೇ ತಿದ್ದಿದರು. ಆರು ಜೊತೆ ಕೆಟ್ಟವು, ಏಳನೆಯದು ಕೂಡಿತು.

ಎಲ್ಲಕ್ಕಿಂತ ಮಿಗಿಲಾದ ಪ್ರಶ್ನೆ ಎಂಜಿನಿನದು. ತಂದೆ ಕಿತ್ತು ಹಾಕಿಸಿದ್ದ ಮೂಲ ಎಂಜಿನು ತೋಟದ ಅದೇ ಶೆಡ್ಡಿನಲ್ಲಿ, ಗೋಣಿಚೀಲಗಳ ರಾಶಿಯ ಅಡಿಯಲ್ಲಿ ದೊರೆಯಿತು. ಅದರ ಮೇಲೆ ಒತ್ತಿದ್ದ ಅಂಕಿಗಳು ಹಳೆಯ ನೋಂದಣಿ ಪುಸ್ತಕದಲ್ಲಿ ಹೊಡೆದುಹಾಕಿದ್ದ ಅಂಕಿಗಳಿಗೆ ಸರಿಹೊಂದಿದವು. ನಾಲ್ಕು ಸಿಲಿಂಡರು, ಸುಮಾರು 2,200 ಘನ ಸೆಂಟಿಮೀಟರು. ಗಾಳಿ ಒಳಬರುವ ವಾಲ್ವು ತಲೆಯ ಮೇಲೆ, ಹೊಗೆ ಹೊರಹೋಗುವ ವಾಲ್ವು ಪಕ್ಕದ ಬ್ಲಾಕಿನಲ್ಲಿ ಇರುವ ಅಪೂರ್ವ ರಚನೆ. ಪಿಸ್ಟನ್ನುಗಳು ಗೂಡಿನಲ್ಲಿಯೇ ಅಂಟಿಕೊಂಡು ಕಲ್ಲಾಗಿದ್ದವು. ಒಂದು ತಿಂಗಳು ಎಣ್ಣೆಯಲ್ಲಿ ನೆನೆಸಿ, ಮರದ ತುಂಡಿಟ್ಟು ಮೆಲ್ಲಗೆ ಬಡಿದಾಗ ಮೂರು ಸಡಿಲವಾದವು. ನಾಲ್ಕನೆಯದನ್ನು ಒಡೆದೇ ತೆಗೆಯಬೇಕಾಯಿತು. ಬ್ಲಾಕನ್ನು ಬೋರು ಮಾಡಿಸಿ ಹೊಸ ಸ್ಲೀವು ಕೂರಿಸಲಾಯಿತು. ಈ ಎಂಜಿನು ಹುಟ್ಟಿದ ಕಾಲದ ಪೆಟ್ರೋಲಿನಲ್ಲಿ ಸೀಸವಿತ್ತು, ಅದು ವಾಲ್ವಿನ ಪೀಠವನ್ನು ಸವೆಯದಂತೆ ಕಾಯುತ್ತಿತ್ತು. 2000ನೆಯ ಇಸವಿಯ ವೇಳೆಗೆ ಭಾರತದ ಪೆಟ್ರೋಲಿನಿಂದ ಸೀಸ ತೊಲಗಿತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆತಿದ್ದು, ಅದು ಹಳೆಯ ಬಗೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಆದಕಾರಣ ವಾಲ್ವಿನ ಪೀಠಗಳನ್ನು ಗಟ್ಟಿ ಲೋಹದವನ್ನಾಗಿಯೂ, ಇಂಧನದ ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಎಥನಾಲ್ ತಾಳಬಲ್ಲವನ್ನಾಗಿಯೂ ಬದಲಿಸಬೇಕಾಯಿತು. ಕಾಲ ಬದಲಾಗಿರುವಾಗ ಮೂಲವನ್ನು ಮೂಲದಂತೆಯೇ ಇಟ್ಟರೆ ಅದು ಬದುಕುವುದಿಲ್ಲ.

ಇಲ್ಲಿ ಗ್ರಂಥಸಂಪಾದನೆಯ ಪರಿಶ್ರಮವುಳ್ಳವರಿಗೆ ಒಂದು ಸಾದೃಶ್ಯ ತೋರದೆ ಇರದು. ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ಓಲೆಗರಿಗಳನ್ನು ಕಲೆಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದಾಗ ಅವರ ಮುಂದಿದ್ದುದು ಇಂಥದೇ ತೊಡಕು. ಗೆದ್ದಲು ತಿಂದ ಗರಿ, ಲಿಪಿಕಾರನ ಕೈತಪ್ಪು, ಮಧ್ಯೆ ಸೇರಿದ ಮಾತು. ಯಾವುದು ಮೂಲ, ಯಾವುದು ಪ್ರಕ್ಷಿಪ್ತ? ಪ್ರಕ್ಷಿಪ್ತವೆಂದ ಮಾತ್ರಕ್ಕೆ ಎಲ್ಲವೂ ತ್ಯಾಜ್ಯವೆಂದು ಹೇಳುವಂತಿಲ್ಲ. ‘ಶೂನ್ಯಸಂಪಾದನೆ’ಯನ್ನೇ ತೆಗೆದುಕೊಳ್ಳಬಹುದು. ಶಿವಗಣಪ್ರಸಾದಿ ಮಹಾದೇವಯ್ಯನ ಕೃತಿಯನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಇವರು ಒಬ್ಬರ ಹಿಂದೊಬ್ಬರಾಗಿ ಪರಿಷ್ಕರಿಸಿದರು. ಮೊದಲನೆಯದೊಂದೇ ಸಾಕೆಂದು ಉಳಿದ ಮೂರನ್ನು ಅಳಿಸಿಬಿಟ್ಟಿದ್ದರೆ ಕನ್ನಡಕ್ಕೆ ಆಗುತ್ತಿದ್ದ ನಷ್ಟವೆಷ್ಟು! ಹಿಂದಿನವರ ಕೈ ಆಡಿದ ಜಾಗದಲ್ಲಿ ಅವರು ಕೆಡಿಸಿದರೋ ಬೆಳೆಸಿದರೋ ಎಂಬುದನ್ನು ಪಾಠಪಾಠವಾಗಿ, ಸಾಲುಸಾಲಾಗಿ ವಿಚಾರಿಸಿಯೇ ತೀರಬೇಕಲ್ಲದೆ, ಹಳೆಯದು ಶುದ್ಧ, ಹೊಸದು ಅಶುದ್ಧ ಎಂಬ ಸೂತ್ರವನ್ನು ಹಿಡಿದರೆ ದಾರಿ ತಪ್ಪುತ್ತದೆ.

ಗೃಹಸ್ಥರ ಮುಂದೆ ಈ ವಿಚಾರಣೆಯನ್ನು ಅನಿವಾರ್ಯವಾಗಿ ತಂದಿಟ್ಟುದು ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಹೊರಡಿಸಿದ ನಿಯಮ. ಮೊದಲ ನೋಂದಣಿಯಿಂದ ಐವತ್ತು ವರ್ಷ ಮೀರಿದ, ಚಾಸಿ, ಒಡಲು, ಎಂಜಿನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದ ಬಂಡಿಗೆ ಅದು ವಿಂಟೇಜ್ ಎಂಬ ಮಾನ್ಯತೆಯನ್ನು ಕೊಡುತ್ತದೆ. ಹೊಸದಾಗಿ ನೋಂದಾಯಿಸಿದವಕ್ಕೆ ‘ವಿಎ’ ಎಂಬ ಅಕ್ಷರಗಳುಳ್ಳ ಸಂಖ್ಯೆ, ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ, ಮರುನೋಂದಣಿಗೆ 5,000. ಹಳೆಯ ಬಂಡಿಗಳನ್ನು ಗುಜರಿಯ ಬಾಯಿಂದ ಕಾಪಾಡುವ ಈ ನಿಯಮ ಸ್ವಾಗತಾರ್ಹವೇ. ಆದರೆ ಅದರೊಡನೆ ಒಂದು ಷರತ್ತಿದೆ. ಅಂಥ ಬಂಡಿ ಪ್ರದರ್ಶನಕ್ಕೆ, ಹಳೆಯ ಕಾರುಗಳ ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಇಂಧನ ತುಂಬಿಸಲು, ರಿಪೇರಿಗೆ ಮಾತ್ರ ರಸ್ತೆಗಿಳಿಯಬೇಕು. ನಿತ್ಯದ ಓಡಾಟಕ್ಕೆ ಸಲ್ಲದು.

ಪ್ರದರ್ಶನಗಳಲ್ಲಿ ಪಳಗಿದ ಮಿತ್ರರೊಬ್ಬರು ಬಂದು ನೋಡಿ, ಬೆಂಚು, ಮೆಟ್ಟಿಲು, ಕ್ಯಾರಿಯರು ಎಲ್ಲವನ್ನೂ ತೆಗೆಸಿ, ಮೂಲ ಎಂಜಿನು ಕೂರಿಸಿ, ಪಕ್ಕದ ತಗಡುಗಳಿಗೆ ಮರದ ಗೆರೆಗಳ ಬಣ್ಣ ಬಳಿಸಿದರೆ ಬಹುಮಾನ ಖಂಡಿತವೆಂದು ಆಶ್ವಾಸನೆಯಿತ್ತರು. ಮಗನಿಗೂ ಆ ಮಾತು ಹಿಡಿಸಿತು. ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಆತ ಹೊರದೇಶದಿಂದ ಬಿಡಿಭಾಗ ತರಿಸುವ ಖರ್ಚನ್ನು ವಹಿಸಿಕೊಂಡಿದ್ದನಾದುದರಿಂದ ಅವನ ಮಾತನ್ನು ತೆಗೆದುಹಾಕುವಂತಿರಲಿಲ್ಲ. “ಅಪ್ಪಾ, ಇಷ್ಟು ಕಷ್ಟಪಟ್ಟು ಮಾಡಿದ್ದನ್ನ ಮತ್ತೆ ರಸ್ತೆ ಗುಂಡಿಗೆ ಇಳಿಸ್ತೀರಾ? ಒಂದು ಕಡೆ ಚೆನ್ನಾಗಿ ಇಡೋಣ” ಎಂಬುದು ಅವನ ವಾದ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ಕಂಡವರಾರೂ ಇಟ್ಟು ಕಾಯುವುದನ್ನು ಹಗುರವಾಗಿ ಎಣಿಸಲಾರರು. ಅದೂ ಒಂದು ಸೇವೆಯೇ. ಆದರೆ ಸ್ಥಾವರ ಜಂಗಮಗಳ ಭೇದವನ್ನು ಬಾಲ್ಯದಿಂದ ಕೇಳಿ ಬೆಳೆದ ಮನೆಯಲ್ಲಿ ಈ ಮಾತು ಅಷ್ಟಕ್ಕೇ ನಿಲ್ಲುವಂಥದಲ್ಲ. ಮೂಲಕ್ಕೆ ಹಿಂದಿರುಗಿದರೆ ಬಂಡಿ ನಿಲ್ಲುತ್ತದೆ. ನಡೆಯಬೇಕೆಂದರೆ ಮೂಲದ ಕೀರ್ತಿಯನ್ನು ಬಿಡಬೇಕು.

ನಾಲ್ಕು ತಿಂಗಳು ಕೆಲಸ ನಿಂತಿತು. ಆ ನಡುವೆ ತರೀಕೆರೆಯಿಂದ ಗೃಹಸ್ಥರ ಅಕ್ಕ ಕಣ್ಣಿನ ಚಿಕಿತ್ಸೆಗೆಂದು ಬಂದವರು ಹಿತ್ತಲಿಗೆ ಹೋಗಿ, ಬಿಚ್ಚಿ ಗೋಡೆಗೆ ಒರಗಿಸಿದ್ದ ಹಲಸಿನ ಬೆಂಚನ್ನು ಕಂಡರು. ಕಣ್ಣು ಮಂಜಾಗಿದ್ದರೂ ಕೈಯಿಂದ ಸವರಿಯೇ ಗುರುತು ಹಿಡಿದರು. ಬೆಂಚಿನ ಅಂಚಿನಲ್ಲಿ ಮಕ್ಕಳು ಕೈವಾರದ ಮುಳ್ಳಿನಿಂದ ಕೊರೆದ ಅಕ್ಷರಗಳಿದ್ದವು. “ಇದನ್ನ ತೆಗೆದು ಹಾಕ್ತೀಯಂತೆ? ಇದು ಇಲ್ದೆ ಹೋಗಿದ್ರೆ ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಡ್ತಿದ್ದೆ ಕಣೋ. ಆ ಮಳೇಲಿ ಐದು ಮೈಲಿ ಯಾರು ಹೆಣ್ಮಕ್ಕಳನ್ನ ನಡೆಸಿ ಕಳಿಸ್ತಿದ್ರು? ಲೈನಿನ ಮಕ್ಕಳು ಹನ್ನೊಂದು ಜನ ನನ್ನ ಜೊತೆ ಕೂತು ಬಂದಿದಾರೆ” ಎಂದಷ್ಟೇ ಹೇಳಿ ಒಳಗೆ ಹೋದರು. ಆ ಹನ್ನೊಂದು ಮಂದಿಯಲ್ಲಿ ಒಬ್ಬಾಕೆ ಮುಂದೆ ಉಪಾಧ್ಯಾಯಿನಿಯಾಗಿ ನಿವೃತ್ತಿ ಹೊಂದಿದರೆಂಬುದು ಆಮೇಲೆ ಊಟದ ಹೊತ್ತಿಗೆ ತಿಳಿದುಬಂದ ವಿಷಯ.

ಮರುವಾರ ಮೇಸ್ತ್ರಿ ಬಂದಾಗ ಗೃಹಸ್ಥರು ನೋಟುಪುಸ್ತಕದಲ್ಲಿ ತೀರ್ಮಾನಗಳನ್ನು ಬರೆದು ಇಟ್ಟಿದ್ದರು. ಡೀಸೆಲ್ ಎಂಜಿನು ಹೋಗಲಿ. ಅದು ತಂದೆಯೇ ಹಾಕಿಸಿದ್ದಾದರೂ ಚಾಸಿಯನ್ನು ಸೀಳುತ್ತಿದೆ. ಮಾಡಿನ ಕ್ಯಾರಿಯರೂ ಹೋಗಲಿ. ಅದರ ಬೆಸುಗೆಯ ಕಾಲುಗಳ ಸುತ್ತ ನೀರು ನಿಂತು ಮಾಡು ತೂತಾಗಿದೆ. ಬೆಂಚು, ಮೆಟ್ಟಿಲು ಇರಲಿ. ಅವುಗಳಿಂದ ಬಂಡಿಗೆ ಕೇಡಿಲ್ಲ. ಮರದ ಗೆರೆಗಳ ಬಣ್ಣ ಬೇಡ. ಪದರಪದರವಾಗಿ ಕೆರೆದು ನೋಡಿದಾಗ ಮೇಲೆ ಬಿಳಿ, ಅದರಡಿ ಹಸಿರು, ಅದರಡಿ ನೀಲಿ ಬೆರೆತ ಬೂದು ಮಾತ್ರ ದೊರೆತಿದೆ. ಬೇರೆ ಬಂಡಿಗಳ ಚೆಲುವನ್ನು ತಂದು ಇದಕ್ಕೆ ಅಂಟಿಸುವುದು ಸಲ್ಲ. ಆರು ವೋಲ್ಟಿನ ವಿದ್ಯುತ್ತನ್ನು ಹನ್ನೆರಡಕ್ಕೆ ಏರಿಸುವುದು; ರಾತ್ರಿ ಎದುರು ಬರುವ ಲಾರಿಗೆ ದೀಪ ಕಾಣಬೇಕು. ಹಿಂಬೆಂಚಿನಲ್ಲಿ ಕೂರುವವರಿಗೆ ಸೊಂಟಪಟ್ಟಿ ಹಾಕಿಸುವುದು. ಇದು ಮೂಲದಲ್ಲಿಯೂ ಇರಲಿಲ್ಲ, ತಂದೆಯ ಕಾಲದಲ್ಲಿಯೂ ಇರಲಿಲ್ಲ. ವಿಂಟೇಜ್ ಮಾನ್ಯತೆಗೆ ಅರ್ಜಿ ಹಾಕುವುದಿಲ್ಲ; ಸಾಮಾನ್ಯ ನೋಂದಣಿಯನ್ನೇ ನವೀಕರಿಸುವುದು. ಮಗ ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ಸೊಂಟಪಟ್ಟಿಗಳನ್ನು ತಾನೇ ಕೊಂಡು ತಂದನು.

ಸಾರಿಗೆ ಕಚೇರಿಯ ಕಾಗದಪತ್ರಗಳಿಗೆ ಎಂಜಿನ್ ಕಟ್ಟಿದಷ್ಟೇ ಕಾಲ ಹಿಡಿಯಿತು. 1980ರಲ್ಲಿ ಪೆಟ್ರೋಲ್ ಎಂದಿದ್ದುದನ್ನು ಡೀಸೆಲ್ ಎಂದು ತಿದ್ದಿದ್ದ ಪುಸ್ತಕವನ್ನು ಮತ್ತೆ ಪೆಟ್ರೋಲ್ ಎಂದು ತಿದ್ದಿಸಬೇಕಾಗಿತ್ತು. 2022ರ ಏಪ್ರಿಲಿನಿಂದ ಹದಿನೈದು ವರ್ಷ ಮೀರಿದ ಕಾರಿನ ನೋಂದಣಿ ನವೀಕರಣಕ್ಕೆ ಐದು ಸಾವಿರದಷ್ಟು ಶುಲ್ಕ ನಿಗದಿಯಾಗಿತ್ತು. ಅದರ ಮೇಲೆ ಇಷ್ಟು ವರ್ಷಗಳ ವಿಳಂಬಶುಲ್ಕ. ತಪಾಸಣೆಗೆ ನಿಂತ ಅಧಿಕಾರಿ ಬೆಂಚಿನ ಬೋಲ್ಟುಗಳನ್ನೂ ಪಟ್ಟಿಗಳನ್ನೂ ಎಳೆದು ನೋಡಿ, ಬ್ರೇಕಿನ ಮೇಲೆ ಕಾಲಿಟ್ಟು ನೋಡಿ, ಕೊನೆಗೆ ಇದನ್ನು ಕಟ್ಟಿದವರು ಯಾರೆಂದು ಕೇಳಿದರು. ಗೃಹಸ್ಥರು ಮೇಸ್ತ್ರಿಯ ಕಡೆಗೆ ಕೈತೋರಿದರು; ಮೇಸ್ತ್ರಿ ಗೃಹಸ್ಥರ ಕಡೆಗೆ ತೋರಿದರು.

2024ರ ಕೊನೆಯಲ್ಲಿ ಬಂಡಿ ನೀಲಿ ಬೂದು ಬಣ್ಣದಲ್ಲಿ ರಾಜರಾಜೇಶ್ವರಿನಗರದ ಏರನ್ನು ಎರಡನೆಯ ಗೇರಿನಲ್ಲಿ ಹತ್ತಿತು. ಕೆಳಗೆ ಮೈಸೂರು ರಸ್ತೆಯ ಮೇಲೆ 2021ರಿಂದ ಮೆಟ್ರೊ ರೈಲು ನಿಲ್ಲುತ್ತಿದೆ. ದೂರದೂರಿನಿಂದ ಮನೆಗೆ ಬರುವ ನೆಂಟರನ್ನೂ ಅವರ ತೆಂಗಿನಕಾಯಿ ಚೀಲಗಳನ್ನೂ ಮೆಟ್ರೊ ನಿಲ್ದಾಣದಿಂದ ಕರೆತರುವುದು ಈಗ ಆ ಬಂಡಿಯ ವಾರದ ಕೆಲಸಗಳಲ್ಲೊಂದು. ಎಪ್ಪತ್ತು ವರ್ಷದ ಮೇಲೆ ಅದು ತನ್ನ ಹೆಸರಿನ ಅರ್ಥವನ್ನು ಮೊದಲ ಬಾರಿಗೆ ಪಾಲಿಸುತ್ತಿರಬಹುದು. ಶನಿವಾರಗಳಂದು ಬೀದಿಯ ಆರೇಳು ಮಕ್ಕಳು ಹಿಂಬೆಂಚಿನಲ್ಲಿ ಕುಳಿತು ಸಂಗೀತ ಪಾಠಕ್ಕೆ ಹೋಗುತ್ತಾರೆ. ಬೆಂಚಿಗೆ ಹೊಸ ಪಾಲಿಷ್ ಹಾಕುವಾಗ ಕೊರೆದ ಅಕ್ಷರಗಳ ಮೇಲೆ ಮರಳುಕಾಗದ ಆಡಿಸಬಾರದೆಂದು ಬಡಗಿಗೆ ಮೊದಲೇ ಹೇಳಲಾಗಿತ್ತು. ಹಿಂಬಾಗಿಲಿನ ಮೇಲಿನ ಗಾಜಿಗೆ ಸರಿಹೊಂದುವ ರಬ್ಬರು ಮಾತ್ರ ಇನ್ನೂ ದೊರೆತಿಲ್ಲ. ಜೋರಾದ ಮಳೆ ಬಂದರೆ ಎಡಮೂಲೆಯಲ್ಲಿ ನೀರು ಸೋರುತ್ತದೆ. ಅದರಡಿಗೆ ಇಡಲು ಗೃಹಿಣಿಯವರು ಮತ್ತೊಂದು ಭರಣಿಯನ್ನು ಕೊಟ್ಟಿದ್ದಾರೆ.